ಅಮೃತಾಪುರ: ರಾಮಾಯಣ ಶುರುವಾಗುವುದು ಆ ತುದಿಯಿಂದ

ತರೀಕೆರೆಯಿಂದ ಅಮೃತಾಪುರಕ್ಕೆ ಸುಮಾರು 10 ಕಿ.ಮೀ. ನಾವು ಶಿವಮೊಗ್ಗ ರೈಲಿನಲ್ಲಿ ಬಂದು ತರೀಕೆರೆಯಲ್ಲಿ ಇಳಿದು ಆಟೊ ಹಿಡಿದೆವು. ತಿಂಡಿ ಅಲ್ಲೇ ಮುಗಿಸಿಕೊಳ್ಳಿ, ಅಮೃತಾಪುರ ಚಿಕ್ಕ ಊರು.

ಅಮೃತೇಶ್ವರ ದೇವಸ್ಥಾನವನ್ನು 1196ರಲ್ಲಿ ಕಟ್ಟಿಸಿದವನು ಹೊಯ್ಸಳರ ಎರಡನೇ ವೀರಬಲ್ಲಾಳನ ದಂಡನಾಯಕ ಅಮಿತಯ್ಯ. ಬೇಲೂರು, ಹಳೇಬೀಡಿನಷ್ಟು ಜನ ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಒಂದೊಂದು ಕಲ್ಲಿನ ಮುಂದೆಯೂ ನಿಂತು ನೋಡಬಹುದು. ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ ಅಂದುಕೊಂಡು ಮಾತ್ರ ಹೋಗಬೇಡಿ.

ಮುಖ್ಯವಾಗಿ ನೋಡಬೇಕಾದ್ದು ಮುಂದಿನ ತೆರೆದ ಮಂಟಪದ ಹೊರಗೋಡೆ. ಅದರ ಮೇಲೆ 140 ಕಥಾಫಲಕಗಳಿವೆ. ಉಳಿದ ಹೊಯ್ಸಳ ಗುಡಿಗಳ ಪಟ್ಟಿಕೆಗಳಿಗಿಂತ ಇವು ದೊಡ್ಡವು. ದಕ್ಷಿಣಕ್ಕೆ 70 ಫಲಕಗಳಲ್ಲಿ ರಾಮಾಯಣ. ಉತ್ತರಕ್ಕೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ನಾನು ಎಂದಿನಂತೆ ಪ್ರದಕ್ಷಿಣೆ ಹಾಕುತ್ತಾ ಎಡಗಡೆಯಿಂದ ಹೊರಟೆ. ಕಥೆ ಯಾಕೋ ತಲೆಗೇ ಹತ್ತಲಿಲ್ಲ. ಆಮೇಲೆ ಗೊತ್ತಾಯಿತು, ಇಲ್ಲಿ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ನೀವು ಮೊದಲು ಹಿಂದಿನ ತುದಿಗೆ ಹೋಗಿ, ಅಲ್ಲಿಂದ ಮುಂಬಾಗಿಲ ಕಡೆಗೆ ನೋಡುತ್ತಾ ಬನ್ನಿ. ಉತ್ತರದ ಗೋಡೆಗೆ ಈ ತೊಂದರೆ ಇಲ್ಲ, ಪ್ರದಕ್ಷಿಣೆಯಲ್ಲೇ ಓದಿಸಿಕೊಂಡು ಹೋಗುತ್ತದೆ.

ಕೃಷ್ಣನ ಕಥೆಯಲ್ಲಿ ಒಂದು ಫಲಕವನ್ನು ತಪ್ಪಿಸಬೇಡಿ. ವಸುದೇವ ಕತ್ತೆಯ ಕಾಲು ಹಿಡಿದಿದ್ದಾನೆ. ಮಗು ಹುಟ್ಟಿದ್ದು ಕಂಸನಿಗೆ ತಿಳಿಯದಿರಲಿ, ಅರಚಬೇಡಪ್ಪಾ ಅಂತ ಬೇಡಿಕೊಳ್ಳುವ ಗಳಿಗೆ. ಚಿಕ್ಕಂದಿನಿಂದ ಕೇಳಿದ ಗಾದೆ ಕಲ್ಲಿನಲ್ಲಿ ಎದುರಿಗೇ ಇತ್ತು. ನಾನು ಅಲ್ಲಿಂದ ತುಂಬಾ ಹೊತ್ತು ಕದಲಲಿಲ್ಲ.

ಚಳಿಗಾಲದಲ್ಲಿ ಬೆಳಗ್ಗೆ ಹೋಗಿ. ಓರೆ ಬಿಸಿಲಿಗೆ ದಕ್ಷಿಣದ ಫಲಕಗಳು ಎದ್ದು ಕಾಣುತ್ತವೆ. ಉತ್ತರದ ಗೋಡೆ ಆಗ ನೆರಳಲ್ಲಿರುತ್ತದೆ, ಮಂಟಪದ ಒಳಗೂ ಬೆಳಕು ಕಡಿಮೆ. ಅದಕ್ಕೇ ಒಂದು ಟಾರ್ಚ್ ಇರಲಿ. ಅದನ್ನು ನೇರವಾಗಿ ಬಿಡದೆ ಪಕ್ಕದಿಂದ ಬಿಡಿ, ಕೆತ್ತನೆಯ ಆಳ ಆಗಲೇ ತಿಳಿಯುವುದು. ತಲೆಯೆತ್ತಿ ಭುವನೇಶ್ವರಿಗಳನ್ನು ನೋಡಿ. ಗುಮ್ಮಟದಂಥ ಈ ಛಾವಣಿಗಳಲ್ಲಿ ಕೈ ಪಳಗಿಸಿಕೊಂಡವನು ಮಲ್ಲಿತಮ್ಮ, ಎಷ್ಟೋ ವರ್ಷಗಳ ನಂತರ ಸೋಮನಾಥಪುರದಲ್ಲೂ ಕೆತ್ತಿದ ಅದೇ ಶಿಲ್ಪಿ. ಕೆಳಗೆ ತಿರುಗಣೆಯಲ್ಲಿ ಕಡೆದ ಕಂಬಗಳು ಇನ್ನೂ ಹೊಳೆಯುತ್ತಿವೆ.

ಎಂಟು ನೂರು ವರ್ಷ ಕಳೆದರೂ ಗುಡಿ ಗಟ್ಟಿಯಾಗಿದೆ, ಪೂಜೆಯೂ ನಡೆಯುತ್ತಿದೆ. ಆದರೆ ಫಲಕಗಳಲ್ಲಿ ಅಲ್ಲಲ್ಲಿ ಮೂಗು, ಕೈ ಮುರಿದಿವೆ. ಕೈಗೆಟಕುವ ಮುಖಗಳು ಸವೆದಿವೆ. ಇದು ಬಳಪದ ಕಲ್ಲು, ಮೆದು. ಅದಕ್ಕೇ ಇಷ್ಟು ನಯವಾಗಿ ಕೆತ್ತಲು ಆಯಿತು, ಅದಕ್ಕೇ ಬೇಗ ಸವೆಯುತ್ತದೆ ಕೂಡ. ನಮ್ಮೆದುರೇ ಒಬ್ಬರು ಫೋಟೊಗೆಂದು ಮಗುವನ್ನು ಫಲಕದ ಅಂಚಿನ ಮೇಲೆ ನಿಲ್ಲಿಸಿದರು. ನೋಡಿ ಸುಮ್ನೆ ಇರಲಾಗಲಿಲ್ಲ, ಇಳಿಸಿ ಅಂದೆ. ದಯವಿಟ್ಟು ಹಾಗೆ ಮಾಡಬೇಡಿ, ಮುಟ್ಟಲೂ ಬೇಡಿ.

ಹೊರಡುವ ಮುಂಚೆ ದೊಡ್ಡ ಶಾಸನದ ಕಲ್ಲಿನ ಹತ್ತಿರ ಐದು ನಿಮಿಷ ನಿಲ್ಲಿ. ಅದರಲ್ಲಿರುವುದು ಕವಿ ಜನ್ನನ ಪದ್ಯಗಳು. ಹಳಗನ್ನಡ ಬಲ್ಲವರು ಜೊತೆಗಿದ್ದರೆ ಒಂದೆರಡು ಸಾಲು ಓದಿಸಿಕೊಳ್ಳಿ.