ಹಡಗು ಒಡೆಯುವ ಮೊದಲಿನ ಪುಟಗಳು

ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ನಾನ್-ಡಿಟೇಲ್ ಅಂದರೆ ನನಗೆ ಈಗಲೂ ‘ರಾಬಿನ್ಸನ್ ಕ್ರೂಸೋ’. ಡೇನಿಯಲ್ ಡೆಫೋ ಬರೆದು 1719ರಲ್ಲಿ ಲಂಡನ್ನಿನಲ್ಲಿ ಹೊರಬಂದ ದೊಡ್ಡ ಕಾದಂಬರಿಯನ್ನು ಮಕ್ಕಳಿಗೆಂದು ಸಣ್ಣದು ಮಾಡಿದ ತೆಳು ಪುಸ್ತಕ ಅದು. ಕನ್ನಡ ಮೀಡಿಯಂನ ನಮಗೆ ಅದೂ ಕಷ್ಟವೇ. ಮೇಷ್ಟ್ರು ಒಂದು ಪ್ಯಾರಾ ಓದಿ, ಪುಸ್ತಕ ಮಡಚಿ, ಉಳಿದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಎಷ್ಟೋ ಭಾಷೆಗಳಿಗೆ ಹೋದ ಆ ಕಥೆ ನನ್ನ ಕಿವಿಗೆ ಬಿದ್ದದ್ದು ಹಾಗೆ.

ಹಡಗು ಒಡೆದು ದ್ವೀಪದಲ್ಲಿ ಒಂಟಿಯಾದ ಕ್ರೂಸೋ ಮಡಕೆ ಮಾಡುವ ಭಾಗ ಬಂದ ದಿನ ಚೆನ್ನಾಗಿ ನೆನಪಿದೆ. ಕುಂಬಾರ ಕೇರಿಯಿಂದ ಬರುತ್ತಿದ್ದ ನಮ್ಮ ಗೆಳೆಯನನ್ನು ಮೇಷ್ಟ್ರು ಎಬ್ಬಿಸಿದರು. “ಈ ಕ್ರೂಸೋ ಹಸಿ ಮಡಕೆ ತಂದು ಬಿಸಿಲಿಗೆ ಇಟ್ಟ. ಏನಾಗುತ್ತಪ್ಪ?” “ಬಿರುಕು ಬಿಡುತ್ತೆ ಸಾರ್. ನೆರಳಲ್ಲಿ ಆರಬೇಕು.” ಕಾದಂಬರಿಯಲ್ಲೂ ಹಾಗೇ ಆಗುತ್ತದೆ. ಎರಡು ತಿಂಗಳು ಹೆಣಗಿದರೂ ಕ್ರೂಸೋ ಕೈಗೆ ದಕ್ಕಿದ್ದು ಎರಡು ಸೊಟ್ಟ ಗುಡಾಣ. ಆಮೇಲೊಂದು ದಿನ ಅಡುಗೆ ಮುಗಿಸಿ ಬೆಂಕಿ ಆರಿಸುವಾಗ, ಒಡೆದ ಮಡಕೆಯ ಚೂರೊಂದು ಸುಟ್ಟು ಗಟ್ಟಿಯಾಗಿ ಕೆಂಪಗಾಗಿರುವುದು ಕಾಣುತ್ತದೆ. ಚೂರು ಸುಡುವುದಾದರೆ ಇಡೀ ಮಡಕೆ ಯಾಕೆ ಸುಡಬಾರದು ಎಂದು ಅವನಿಗೆ ಹೊಳೆಯುವುದು ಆಗಲೇ. ಅವನಿಗೆ ಮಡಕೆ ಸುಡುವ ಆವಿಗೆ ಗೊತ್ತಿಲ್ಲ. ನಮ್ಮ ಗೆಳೆಯನಿಗೆ ಗೊತ್ತಿತ್ತು. ಆವಿಗೆ ಹೇಗೆ ಹೂಡುತ್ತಾರೆ, ಯಾವಾಗ ಬೆಂಕಿ ಕಡಿಮೆ ಮಾಡುತ್ತಾರೆ ಎಂದು ಪೀರಿಯಡ್ ಮುಗಿಯುವ ತನಕ ಅವನೇ ಹೇಳಿದ. ಮೇಷ್ಟ್ರು ಅವನ ಜಾಗದಲ್ಲಿ ಕೂತು ಕೇಳಿದರು.

ಆದರೆ ನಾನು ಇದನ್ನು ಬರೆಯಲು ಕೂತದ್ದು ಇನ್ನೊಂದು ಪಾಠಕ್ಕಾಗಿ. ಅದು ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ.

ನಮ್ಮ ಪುಸ್ತಕದ ಮೊದಲ ಪುಟಗಳಲ್ಲೇ ಹಡಗು ಒಡೆಯುತ್ತಿತ್ತು. 1659ರ ಸೆಪ್ಟೆಂಬರ್ 30. ಅಲ್ಲಿಂದ 28 ವರ್ಷ ದ್ವೀಪ. ಆ ಹಡಗು ಎಲ್ಲಿಗೆ ಹೊರಟಿತ್ತು, ಯಾಕೆ ಹೊರಟಿತ್ತು ಎಂಬ ಸುದ್ದಿಯೇ ಇಲ್ಲ. ಮೇಷ್ಟ್ರು ಮಾತ್ರ ಬಿಡಲಿಲ್ಲ. “ಮೊದಲು ಝೂರಿ ಕಥೆ ಕೇಳಿ” ಅಂದರು.

ಕ್ರೂಸೋ ಒಂದು ಕಾಲಕ್ಕೆ ತಾನೇ ಗುಲಾಮ. ಕಡಲ್ಗಳ್ಳರ ಕೈಗೆ ಸಿಕ್ಕಿ ಮೊರಾಕೊ ತೀರದ ಊರೊಂದರಲ್ಲಿ ಎರಡು ವರ್ಷ ಇದ್ದವನು. ಅಲ್ಲಿಂದ ದೋಣಿಯಲ್ಲಿ ತಪ್ಪಿಸಿಕೊಂಡಾಗ ಜೊತೆಗಿದ್ದವನು ಝೂರಿ ಎಂಬ ಹುಡುಗ. ಕುಡಿಯುವ ನೀರು ಮುಗಿದಾಗ ದಡಕ್ಕೆ ಇಳಿಯಲು ಅವನೇ ಮುಂದಾಗುತ್ತಾನೆ. ಕಾಡುಜನ ಬಂದರೆ ನನ್ನನ್ನು ತಿನ್ನಲಿ, ನೀನು ತಪ್ಪಿಸಿಕೋ ಅನ್ನುತ್ತಾನೆ. ಕೊನೆಗೆ ಪೋರ್ಚುಗೀಸ್ ಹಡಗೊಂದು ಇಬ್ಬರನ್ನೂ ಕಾಪಾಡುತ್ತದೆ. ಅದರ ಕಪ್ತಾನ ಹುಡುಗನನ್ನು ಕೇಳುತ್ತಾನೆ. ಕ್ರೂಸೋ 60 ಬೆಳ್ಳಿ ನಾಣ್ಯಕ್ಕೆ ಅವನನ್ನು ಮಾರುತ್ತಾನೆ. ಕ್ರೈಸ್ತನಾದರೆ ಹತ್ತು ವರ್ಷದ ಮೇಲೆ ಬಿಡುಗಡೆ ಎಂಬ ಮಾತು ಬೇರೆ. ಮುಂದೆ ಬ್ರೆಜಿಲ್‌ನಲ್ಲಿ ತೋಟ ಮಾಡುವಾಗ, ಝೂರಿಯನ್ನು ಬಿಟ್ಟುಕೊಟ್ಟು ತಪ್ಪು ಮಾಡಿದೆ ಅನ್ನಿಸುತ್ತದೆ ಕ್ರೂಸೋಗೆ. ಯಾಕೆಂದರೆ ದುಡಿಯಲು ಆಳಿಲ್ಲ! ಆಳುಗಳು ಬೇಕೆಂದೇ ಆಫ್ರಿಕಾದ ಗಿನಿ ತೀರದಿಂದ ಗುಲಾಮರನ್ನು ತರಲು ಹೊರಡುತ್ತಾನೆ. ಹಡಗು ಒಡೆದದ್ದು ಆ ಪ್ರಯಾಣದಲ್ಲಿ.

“ಝೂರಿ ಮುಂದೆ ಏನಾದ ಸಾರ್?” ಎಂದು ಯಾರೋ ಕೇಳಿದರು. “ಪುಸ್ತಕದಲ್ಲಿ ಇಲ್ಲ ಕಣಯ್ಯ” ಅಂದರು ಮೇಷ್ಟ್ರು. ದ್ವೀಪದ ಕಥೆಯ ಮೇಲಿನ ನನ್ನ ಪ್ರೀತಿ ಅವತ್ತು ಕಡಿಮೆಯಾಗಲಿಲ್ಲ. ಆದರೆ ಕ್ರೂಸೋ ದ್ವೀಪದಲ್ಲಿ ತನ್ನ ಆಳಾದ ಫ್ರೈಡೇಗೆ ಎಲ್ಲಕ್ಕೂ ಮೊದಲು ಕಲಿಸುವ ಮಾತುಗಳಲ್ಲಿ ‘ಒಡೆಯ’ ಎಂಬುದೂ ಒಂದು ಅಂತ ಓದಿದಾಗ, ನನಗೆ ಝೂರಿ ನೆನಪಾಗದೆ ಇರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಪೂರ್ತಿ ಕಾದಂಬರಿ ಓದಿದೆ. ಅದರ ಅನುವಾದಗಳ ಬಗ್ಗೆಯೂ ಸಿಕ್ಕಿದ್ದೆಲ್ಲ ಓದಿದೆ. 1720ರ ಹೊತ್ತಿಗೇ ಫ್ರೆಂಚ್, ಜರ್ಮನ್, ಡಚ್ ಭಾಷೆಗಳಿಗೆ ಹೋಗಿತ್ತು. 1852ರಲ್ಲಿ ನ್ಯೂಜಿಲೆಂಡಿನ ಮಾವೋರಿ ಭಾಷೆಗೆ, 1861ರಲ್ಲಿ ಬೈರೂತ್‌ನಲ್ಲಿ ಬುತ್ರುಸ್ ಅಲ್-ಬುಸ್ತಾನಿ ಅವರಿಂದ ಅರಬ್ಬಿಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಚಿಂತಕ ರೂಸೋ. ಹುಡುಗನೊಬ್ಬ ಮೊದಲು ಓದಬೇಕಾದ ಪುಸ್ತಕ ಇದೇ ಎಂದು 1762ರಲ್ಲಿ ಅವನು ಮಕ್ಕಳ ಶಿಕ್ಷಣದ ಕುರಿತ ‘ಎಮಿಲ್’ನಲ್ಲಿ ಬರೆದ. ಜೊತೆಗೆ, ಬೇಡದ್ದನ್ನು ತೆಗೆದುಹಾಕಿ ಹಡಗು ಒಡೆಯುವಲ್ಲಿಂದ ಶುರು ಮಾಡಿ, ಬಿಡಿಸಿಕೊಂಡು ಹೋಗುವ ಹಡಗು ಬರುವಲ್ಲಿಗೆ ಮುಗಿಸಬೇಕು ಎಂದ. ನಮ್ಮ ನಾನ್-ಡಿಟೇಲ್ ಪುಸ್ತಕದ ಅಳತೆಯೂ ಹೆಚ್ಚುಕಡಿಮೆ ಅದೇ ಅಲ್ವಾ! ರೂಸೋ ದೊಡ್ಡವನು. ಆದರೂ ಈ ಮಾತಿನಲ್ಲಿ ನಾನು ನಮ್ಮ ಮೇಷ್ಟ್ರ ಪರ.

ಜರ್ಮನಿಯ ಲೇಖಕ ಕಾಂಪೆ 1779ರಲ್ಲಿ ಮಕ್ಕಳಿಗಾಗಿ ಇದೇ ಕಥೆಯನ್ನು ಹೊಸದಾಗಿ ಬರೆದ. ಅವನ ರಾಬಿನ್ಸನ್‌ಗೆ ಹಡಗಿನಿಂದ ಒಂದು ಚಾಕು ಕೂಡ ಸಿಗುವುದಿಲ್ಲ. ಆ ಪುಸ್ತಕದಲ್ಲಿ ಅಪ್ಪನೊಬ್ಬ ಕಥೆ ಹೇಳುತ್ತಾನೆ, ಮಕ್ಕಳು ನಡುನಡುವೆ ಬಾಯಿ ಹಾಕುತ್ತಾರೆ. ಅದನ್ನು ತಿಳಿದಾಗ ನಮ್ಮ ಕ್ಲಾಸೇ ಕಣ್ಣ ಮುಂದೆ ಬಂತು.

ಈ ವರ್ಷ ಶಾಲೆಯ ಲೈಬ್ರರಿಗೆ ಪೂರ್ತಿ ಕಾದಂಬರಿಯ ಪ್ರತಿಗಳನ್ನು ಕಳಿಸಿದ್ದೇನೆ. ಇಂಗ್ಲಿಷ್ ಹಳೆಯದು, ವಾಕ್ಯಗಳು ಉದ್ದ. ಮಕ್ಕಳೇ, ತೊಡಕಾದರೆ ಟೀಚರ್ ಹತ್ತಿರ ಕನ್ನಡದಲ್ಲಿ ಹೇಳಿಸಿಕೊಳ್ಳಿ. ದ್ವೀಪ ಬೇಗ ಬರಲಿ ಅಂತ ಪುಟ ಹಾರಿಸಬೇಡಿ. ಝೂರಿ ಅದಕ್ಕೂ ಮೊದಲೇ ಬಂದು ಹೋಗುತ್ತಾನೆ.