ಸಮುದ್ರದ ತಳದಲ್ಲಿ ಒಂದು ವೋಟು

2023 ಮಾರ್ಚ್ 15, ಬುಧವಾರ
ಅಲ್ಮೇರೆ, ನೆದರ್‌ಲ್ಯಾಂಡ್ಸ್

ಇವತ್ತು ವೋಟು ಹಾಕಿ ಬಂದೆ. ನೀರಿಗೆ.

ತಮಾಷೆ ಅಲ್ಲ. ಈ ದೇಶದ ಪಾಸ್‌ಪೋರ್ಟ್ ನನ್ನ ಹತ್ತಿರ ಇಲ್ಲ, ಹಾಗಾಗಿ ಪಾರ್ಲಿಮೆಂಟಿಗೆ ನನ್ನ ವೋಟಿಲ್ಲ. ಆದರೆ ಇಲ್ಲಿ ‘ವಾಟರ್‌ಸ್ಖಾಪ್’ ಅಂತ ಇದೆ, ಏರಿ, ಕಾಲುವೆಗಳನ್ನು ನೋಡಿಕೊಳ್ಳುವ ನೀರಿನ ಮಂಡಳಿ. ಪರ್ಮಿಟ್ ಮೇಲೆ ವಾಸವಿರುವವರೂ ಅದಕ್ಕೆ ವೋಟು ಹಾಕಬಹುದು. ಇಡೀ ದೇಶಕ್ಕೆ ಇಂಥವು 21. ಇವುಗಳ ಬೇರು 13ನೇ ಶತಮಾನದಲ್ಲಿದೆ, ಅಂದರೆ ದೇಶ ಹುಟ್ಟುವ ಮೊದಲೇ ಇದ್ದವು. ತೆರಿಗೆಯನ್ನೂ ತಾವೇ ಹಾಕುತ್ತವೆ. ಬಿಲ್ಲು ಬಂದಾಗಲೆಲ್ಲ ನಾನು ಗೊಣಗುತ್ತೇನೆ.

ಗೊಣಗಬಾರದು ನಿಜ. ನಾವಿರುವ ಜಾಗ ಒಂದು ಕಾಲಕ್ಕೆ ಸಮುದ್ರ. 1932ರಲ್ಲಿ 32 ಕಿ.ಮೀ. ಉದ್ದದ ಏರಿ ಕಟ್ಟಿ ಕೊಲ್ಲಿಯ ಬಾಯಿ ಮುಚ್ಚಿದರು. ಒಳಗಿನ ಉಪ್ಪುನೀರು ನಿಧಾನಕ್ಕೆ ಸಿಹಿಯಾಯಿತು. ಆಮೇಲೆ ಒಂದೊಂದು ಭಾಗಕ್ಕೂ ಸುತ್ತ ಏರಿ ಹಾಕಿ, ಪಂಪಿನಿಂದ ನೀರೆತ್ತಿ ಹೊರಗೆ ಚೆಲ್ಲಿದರು. ನಮ್ಮ ಕಡೆಯದು ಒಣಗಿದ್ದು 1968ರಲ್ಲಿ. ಪಂಪ್ ಇವತ್ತಿಗೂ ಓಡುತ್ತಲೇ ಇದೆ. ದೇಶದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣವೂ ಸೇರಿ!

ಮಂಡಳಿಯ ದೊಡ್ಡ ಜಗಳ ಯಾವುದಕ್ಕೆ ಗೊತ್ತಾ? ಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕು ಅನ್ನುವುದಕ್ಕೆ. ತಗ್ಗಿಸಿ ಅಂತಾರೆ ರೈತರು, ಇಲ್ಲದಿದ್ದರೆ ಟ್ರ್ಯಾಕ್ಟರ್ ಹೂತುಹೋಗುತ್ತೆ. ತಗ್ಗಿಸಿದರೆ ಜೌಗು ಮಣ್ಣು ಒಣಗಿ ನೆಲವೇ ಕುಸಿಯುತ್ತೆ, ಮನೆಗಳು ಬಿರುಕು ಬಿಡುತ್ತವೆ. ರೈತರನ್ನು ಎದುರುಹಾಕಿಕೊಳ್ಳುವುದು ಸುಲಭವಲ್ಲ. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕ ದೇಶ ಇದು, ಆದರೂ ಕೃಷಿ ರಫ್ತಿನ ಮೌಲ್ಯದಲ್ಲಿ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಇದೂ ಒಂದು. ಈಗ ದನದ ಸಗಣಿ-ಗಂಜಲದಿಂದ ಹರಡುವ ಸಾರಜನಕವನ್ನು ತಗ್ಗಿಸುವ ಕಾನೂನಿಗೆ ಸಿಟ್ಟಾಗಿ ಎಷ್ಟೋ ಹೊಲಗಳ ಮುಂದೆ ದೇಶದ ಬಾವುಟ ತಲೆಕೆಳಗಾಗಿ ನೇತಾಡುತ್ತಿದೆ.

ಪಕ್ಕದ ಮನೆಯ ಅಜ್ಜಿಯೂ ಜೊತೆಗೆ ಬಂದಿದ್ದರು. ಅವರಿಗೆ ಎರಡು ಚೀಟಿ, ನನಗೆ ಒಂದೇ. ಅವರ ಎರಡನೇ ಚೀಟಿ ನಮ್ಮ ಪ್ರಾಂತ್ಯದ ಸಭೆಗೆ. ಆ ಸಭೆಯವರೇ ಮುಂದೆ 75 ಜನರ ಮೇಲ್ಮನೆಯನ್ನು ಆರಿಸುತ್ತಾರೆ. ಚೀಟಿ ಅಂದರೆ ಟೇಬಲ್ ತುಂಬ ಹಾಸುವಷ್ಟು ದೊಡ್ಡದು. ಗುರುತು ಹಾಕಲು ಕೆಂಪು ಪೆನ್ಸಿಲ್, ದಾರ ಕಟ್ಟಿಟ್ಟಿದ್ದರು. ಮಡಚುವಷ್ಟರಲ್ಲಿ ಸಾಕಾಯ್ತು.

ಅಜ್ಜಿ ನೈಋತ್ಯ ಕರಾವಳಿಯ ಜೇಲಂಡ್ ಪ್ರಾಂತ್ಯದ ಕಡೆಯವರು. 1953ರ ಜನವರಿ 31ರ ರಾತ್ರಿ ಕಳೆದು ಫೆಬ್ರವರಿ 1ರ ನಸುಕಿನಲ್ಲಿ ಅಲ್ಲಿ ಏರಿಗಳು ಒಡೆದು ದೇಶದಲ್ಲಿ 1,836 ಜನ ಸತ್ತರು. ಆಗ ಅವರಿಗೆ ಆರು ವರ್ಷ. ಆ ರಾತ್ರಿಯ ಬಗ್ಗೆ ಅವರು ಜಾಸ್ತಿ ಮಾತಾಡುವುದಿಲ್ಲ, ನಾನೂ ಕೇಳುವುದಿಲ್ಲ. ವಾಪಸ್ ಬರುವಾಗ ಸೇತುವೆ ಮೇಲೆ ನಿಂತು, ಕೆಳಗೆ ಬಗ್ಗಿ, ಗೋಡೆಯಲ್ಲಿದ್ದ ಅಳತೆಪಟ್ಟಿ ಓದಿದರು. "ನಿನ್ನೆಗಿಂತ ಎರಡು ಬೆರಳು ಏರಿದೆ" ಅಂದರು.