ಒಂದೆಳೆ ದಾರ

ನಮ್ಮಮ್ಮ ಬ್ಲೌಸ್ ಹೊಲಿಯುತ್ತಿದ್ದಳು. ದಾರ ತರಲು ನನ್ನನ್ನು ಕಳಿಸುವಾಗೆಲ್ಲ ಒಂದೇ ಮಾತು: "ರೀಲು ನೋಡಿ ತರಬೇಡ ಕಣೇ, ಒಂದೆಳೆ ಬಿಚ್ಚಿ ಬಟ್ಟೆ ಮೇಲಿಟ್ಟು ನೋಡು." ರೀಲಿನಲ್ಲಿ ಗಾಢವಾಗಿರುವ ದಾರ ಒಂಟಿ ಎಳೆಯಾದರೆ ತಿಳಿಯಾಗುತ್ತದೆ. ಹಸಿರು ಬಟ್ಟೆ ಮೇಲೆ ಒಂದು ಥರ, ಮೆರೂನ್ ಮೇಲೆ ಇನ್ನೊಂದು ಥರ. ದಾರ ಮಾತ್ರ ಅದೇ.

ಹೋದ ಮಳೆಗಾಲದಲ್ಲಿ ಅಮ್ಮನ ಹೊಲಿಗೆ ಮಿಷನ್ನಿನ ಚಿತ್ರ ಬರೆಯಲು ಕೂತೆ. ಕರೀ ಮಿಷನ್, ಹಿಂದೆ ನೀಲಿ ಗೋಡೆ. ಗೋಡೆ ಮುಗಿಸಿ ಕಪ್ಪು ಹಚ್ಚಿದೆ. ತುಕ್ಕು ಹಿಡಿದ ಹಾಗೆ, ಸ್ವಲ್ಪ ಕಂದಾಗಿ ಕಂಡಿತು. ಟ್ಯೂಬ್ ಹಳೇದಾಗಿರಬೇಕು ಅಂತ ಹೊಸದು ತಂದೆ. ಮತ್ತೆ ಅದೇ. ಬಿಳಿ ಹಾಳೆಯ ಮೇಲೆ ಹಚ್ಚಿದರೆ ಅದೇ ಬಣ್ಣ ಅಚ್ಚ ಕಪ್ಪು!

ಇದೇ ದೂರು 1820ರ ದಶಕದಲ್ಲಿ ಪ್ಯಾರಿಸ್‌ನ ಗೋಬ್ಲಾಂ ಕಾರ್ಖಾನೆಯಲ್ಲೂ ಇತ್ತು. ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆ ನೇಯುವ ಜಾಗ ಅದು. ಚಿತ್ರದೊಳಗಿನ ನೀಲಿ, ನೇರಳೆ ಬಟ್ಟೆಗಳ ನೆರಳು ತೋರಿಸಲು ಹಾಕುವ ಕರೀ ಉಣ್ಣೆ ಸಪ್ಪೆ ಅಂತ ನೇಯುವವರ ತಕರಾರು. ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್ ಬೇರೆ ಕಡೆಯ ಕರೀ ಉಣ್ಣೆ ತರಿಸಿ ಹೋಲಿಸಿದ. ಉಣ್ಣೆಯಲ್ಲಿ ತಪ್ಪಿರಲಿಲ್ಲ. ಪಕ್ಕದ ನೀಲಿಯೇ ಕಪ್ಪನ್ನು ಕೆಡಿಸುತ್ತಿತ್ತು. ನೀಲಿಯ ಪಕ್ಕ ಇರುವುದಕ್ಕೆ ನಮ್ಮ ಕಣ್ಣು ತಾನಾಗಿಯೇ ಒಂದಿಷ್ಟು ಕಿತ್ತಳೆ ಬೆರೆಸಿಬಿಡುತ್ತದೆ. 1839ರಲ್ಲಿ ಅವನು ಇದನ್ನೆಲ್ಲ ದೊಡ್ಡ ಪುಸ್ತಕವಾಗಿ ಬರೆದ.

ಹಾಗಾದರೆ ಬಣ್ಣ ಇರೋದು ಎಲ್ಲಿ? ಟ್ಯೂಬಿನಲ್ಲಂತೂ ಅಲ್ಲ ಅಲ್ವಾ? ಬರೀ ಕಣ್ಣಿನಲ್ಲಿ ಅಂದರೂ ನನಗೆ ಒಪ್ಪಿಗೆಯಿಲ್ಲ, ಯಾಕಂದರೆ ಗೋಡೆಯ ನೀಲಿ ಇಲ್ಲದಿದ್ದರೆ ಆ ತುಕ್ಕೂ ಇಲ್ಲ. ಅಕ್ಕಪಕ್ಕ ಇರುವ ಎರಡು ಬಣ್ಣ, ಅವುಗಳ ಮುಂದೆ ಕೂತ ಒಬ್ಬ ಮನುಷ್ಯ, ಮೂರೂ ಸೇರಿದರೇನೇ ಅದು ಹುಟ್ಟುತ್ತದೆ ಅನ್ನಿಸುತ್ತದೆ.

ಇದನ್ನು ಜೀವ ತೇಯ್ದು ಹಿಂಬಾಲಿಸಿದವನು ಫ್ರಾನ್ಸಿನ ಚಿತ್ರಕಾರ ಸೆಜಾನ್. 'ಸೆನ್ಸೇಷನ್' ಅನ್ನುವ ಮಾತು ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಣ್ಣಿಗೆ ತಟ್ಟಿದ್ದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಸೇಬು ಕೆಂಪು ಅಂತ ನಮಗೆ ಗೊತ್ತಿರುವುದನ್ನಲ್ಲ, ಈ ಗಳಿಗೆ ತಟ್ಟಿದ್ದನ್ನು ಬರೆಯುವುದು. 1899ರಲ್ಲಿ ಅವನು ವೊಲಾರ್ ಎಂಬ ಚಿತ್ರ ವ್ಯಾಪಾರಿಯ ಭಾವಚಿತ್ರ ಬರೆದ. ವೊಲಾರ್ ಹೇಳುವಂತೆ 115 ಸಲ ಕೂರಬೇಕಾಯಿತು. ಕೊನೆಗೂ ಕೈಯ ಮೇಲೆ ಎರಡು ಪುಟ್ಟ ಚುಕ್ಕೆಯಷ್ಟು ಜಾಗ ಖಾಲಿ ಉಳಿದಿತ್ತು. ಯಾಕೆ ಅಂದಿದ್ದಕ್ಕೆ, ಅಲ್ಲಿ ಸುಮ್ನೆ ಏನೋ ಒಂದು ಬಣ್ಣ ಇಟ್ಟರೆ ಅಲ್ಲಿಂದ ಶುರುಮಾಡಿ ಇಡೀ ಚಿತ್ರ ಮತ್ತೆ ಬರೆಯಬೇಕಾಗುತ್ತದೆ ಅಂದನಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ದಿನ ಕಪ್ಪಿಗೆ ಚಿಟಿಕೆಯಷ್ಟು ನೀಲಿ ಬೆರೆಸಿದೆ. ಮಿಷನ್ನಿನ ಮೈ ಗಟ್ಟಿಯಾಗಿ ನಿಂತಿತು. ಚಕ್ರದ ಅಂಚಿನಲ್ಲಿ ಬೆಳಕು ಬಿದ್ದ ಕಡೆ ಒಂದು ಅಕ್ಕಿಕಾಳಿನಷ್ಟು ಜಾಗ ಇನ್ನೂ ಬಿಳಿ ಇದೆ. ಬಣ್ಣ ಹಚ್ಚಿದ ಕಾಗದದ ಚೂರುಗಳನ್ನು ಒಂದೊಂದಾಗಿ ಅಲ್ಲಿಟ್ಟು ನೋಡುತ್ತಿದ್ದೇನೆ. ತಿಳಿ ಹಳದಿ ಜಾಸ್ತಿಯಾಯಿತು. ಬೂದಿ ಬಣ್ಣ ಹತ್ತಿರ ಬಂದಿದೆ, ಆದರೆ ಸಂಜೆ ಲೈಟ್ ಹಾಕಿದ ಮೇಲೆ ಅದೂ ಹೊಂದುತ್ತಿಲ್ಲ.